ಓದುಗರ ಪ್ರಶ್ನೆ: ಹೆಪಟೈಟಿಸ್ ಸಿ ವಾಸಿಯಾಯ್ತು, ಪಥ್ಯ ಇನ್ನೆಷ್ಟು ದಿನ?

ಪ್ರಶ್ನೆ: ಸಾರ್, ನಮ್ಮ ಯಜಮಾನರಿಗೆ 54 ವರ್ಷ. ಹೆಪಟೈಟಿಸ್ ಸಿ ಅಂತ ಮೂರು ತಿಂಗಳು ಮಾತ್ರೆ ತಗೊಂಡರು, ಜೊತೆಗೆ ರಿಬಾವಿರಿನ್ ಅಂತ ಇನ್ನೊಂದು ಮಾತ್ರೆ ಕೂಡ ಇತ್ತು. ತುಂಬಾ ಒದ್ದಾಡಿಬಿಟ್ಟರು. ಅದೆಲ್ಲ ಮುಗಿದು ನಾಲ್ಕು ತಿಂಗಳಾಯ್ತು, ವೈರಸ್ ಇಲ್ಲ ಅಂತ ರಿಪೋರ್ಟೂ ಬಂದಿದೆ. ಆದರೆ ಮೈಯಲ್ಲಿ ಶಕ್ತಿಯೇ ಇಲ್ಲ. ತೋಟದ ಕಡೆ ಹೋಗಿ ಬಂದರೆ ಮಲಗಿಬಿಡುತ್ತಾರೆ. ಪಥ್ಯ ಕಟ್ಟುನಿಟ್ಟಾಗಿ ಮಾಡಿಸ್ತಾ ಇದೀನಿ. ಇನ್ನೂ ಎಷ್ಟು ದಿನ ಮಾಡಿಸಬೇಕು? (ಶಿಡ್ಲಘಟ್ಟ ತಾಲ್ಲೂಕಿನ ಓದುಗರೊಬ್ಬರು)

ಉತ್ತರ: ಇವತ್ತೇ ನಿಲ್ಲಿಸಿ, ಅಮ್ಮಾ. ಈಗಲೇ. ಮಧ್ಯಾಹ್ನದ ಊಟಕ್ಕೆ ಮುದ್ದೆ, ಬಸ್ಸಾರು, ಜೊತೆಗೆ ಎರಡು ಮೊಟ್ಟೆ ಬೇಯಿಸಿ ಕೊಡಿ. ಆಮೇಲೆ ಕೂತು ಉಳಿದದ್ದನ್ನು ಓದಿ.

ಈ ಪ್ರಶ್ನೆ ನನಗೆ ಹೊಸದಲ್ಲ. ಚಿಂತಾಮಣಿಯಲ್ಲಿ ಲ್ಯಾಬ್ ಕಿಟಕಿಯ ಹಿಂದೆ ಕೂತು ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ರಕ್ತ ತೆಗೆದವನು ನಾನು. ರಿಪೋರ್ಟ್ ಕೈಗೆ ಕೊಟ್ಟ ತಕ್ಷಣ ಬರುವ ಮೊದಲ ಮಾತೇ ಇದು: "ಅಣ್ಣಾ, ಪಥ್ಯ ಏನು?" ನಾನು ಡಾಕ್ಟರಲ್ಲ, ಔಷಧಿ ಬದಲಾಯಿಸು ಅಂತ ಯಾರಿಗೂ ಹೇಳುವುದಿಲ್ಲ. ಆದರೆ ಈ ಕಾಯಿಲೆಯನ್ನು ನಾನೇ ಅನುಭವಿಸಿದ್ದೇನೆ. ರಕ್ತದಿಂದ ರಕ್ತಕ್ಕೆ ಹರಡಿ ಲಿವರ್ ಕೆಡಿಸುವ ವೈರಸ್ ಇದು. ನನಗೆ ಎಲ್ಲಿಂದ ಬಂತೋ ಗೊತ್ತಿಲ್ಲ, ಈ ಕೆಲಸದಲ್ಲಿ ಕೈಗೆ ಸೂಜಿ ಚುಚ್ಚಿಕೊಂಡ ಲೆಕ್ಕ ಇಟ್ಟವರ್‍ಯಾರು?

ನನ್ನದು 2010ರ ಕಥೆ. ಆಗ ಈಗಿನ ಮಾತ್ರೆಗಳಿರಲಿಲ್ಲ. ವಾರಕ್ಕೊಂದು ಇಂಟರ್‌ಫೆರಾನ್ ಇಂಜೆಕ್ಷನ್ ಹೊಟ್ಟೆಯ ಚರ್ಮಕ್ಕೆ, ದಿನಕ್ಕೆ ಐದು ರಿಬಾವಿರಿನ್. ಹೀಗೆ 48 ವಾರ. ಇಂಜೆಕ್ಷನ್ನನ್ನು 2ರಿಂದ 8 ಡಿಗ್ರಿ ತಂಪಿನಲ್ಲೇ ಇಡಬೇಕು, ಹಾಗಾಗಿ ಬೆಂಗಳೂರಿನಿಂದ ಥರ್ಮಾಸ್ ಫ್ಲಾಸ್ಕಿನಲ್ಲಿ ಐಸ್ ತುಂಬಿಸಿ, ಬಸ್ಸಿನಲ್ಲಿ ತೊಡೆ ಮೇಲೆ ಮಗು ಥರ ಕೂರಿಸಿಕೊಂಡು ಬರ್ತಿದ್ದೆ. ಮನೆಯಲ್ಲಿ ಕರೆಂಟು ಹೋದರೆ ನನ್ನ ಜೀವವೇ ಹೋದ ಹಾಗೆ. ಶನಿವಾರ ರಾತ್ರಿ ಚುಚ್ಚಿಕೊಂಡರೆ ಭಾನುವಾರ ಪೂರ್ತಿ ಚಳಿಜ್ವರ. ಕೂದಲು ಉದುರಿತು, ಸುಮ್ನೆ ಸುಮ್ನೆ ಅಳು ಬರ್ತಿತ್ತು. ಹಿಮೋಗ್ಲೋಬಿನ್ 14ರಿಂದ 9ಕ್ಕೆ ಇಳಿಯಿತು, ತೂಕ 66ರಿಂದ 54ಕ್ಕೆ. ಇಷ್ಟೆಲ್ಲ ಪಟ್ಟರೂ ನನ್ನ ಜಿನೋಟೈಪಿನವರಲ್ಲಿ (ಅಂದರೆ ನನಗಿದ್ದ ವೈರಸ್ ತಳಿಯವರಲ್ಲಿ) ವಾಸಿಯಾಗುತ್ತಿದ್ದದ್ದು ಹೆಚ್ಚುಕಡಿಮೆ ಅರ್ಧ ಜನಕ್ಕೆ ಮಾತ್ರ. ನಾನು ಅದೃಷ್ಟದ ಅರ್ಧದಲ್ಲಿದ್ದೆ.

ಈಗ ಕಾಲ ಬದಲಾಗಿದೆ. ಸೋಫೋಸ್‌ಬುವಿರ್ ಅನ್ನೋ ಮಾತ್ರೆ ಬಂದ ಮೇಲೆ ಹೆಚ್ಚಿನವರಿಗೆ 12 ವಾರ ಮಾತ್ರೆ ನುಂಗಿದರೆ ಮುಗಿಯಿತು, ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಜನಕ್ಕೆ ವಾಸಿಯಾಗುತ್ತದೆ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಮಾತ್ರೆಯೂ ಉಚಿತ. ಆದರೆ ನಿಮ್ಮ ಯಜಮಾನರಿಗೆ ರಿಬಾವಿರಿನ್ ಸೇರಿಸಿದ್ದಾರೆ ಅಂದರೆ ಲಿವರ್ ಗಟ್ಟಿಯಾಗಿ ಸಿರೋಸಿಸ್ ಹಂತಕ್ಕೆ ಹೋಗಿರುವ ಸಾಧ್ಯತೆ ಇದೆ. ಫೈಲಿನಲ್ಲಿ ಆ ಪದ ಇದೆಯಾ ನೋಡಿ. ಇದ್ದರೆ ಮುಂದೆ ಹೇಳುವುದನ್ನು ಎರಡು ಸಲ ಓದಿ.

ಮೊದಲು ಸುಸ್ತಿನ ಲೆಕ್ಕ. ರಿಬಾವಿರಿನ್ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ, ಅದರಿಂದಲೇ ಏದುಸಿರು, ತಲೆಸುತ್ತು. ಮಾತ್ರೆ ನಿಂತ ಮೇಲೆ ಒಂದೆರಡು ತಿಂಗಳಲ್ಲಿ ರಕ್ತ ಸಾಮಾನ್ಯವಾಗಿ ತಾನೇ ಮೇಲೆ ಬರುತ್ತದೆ. ನಾಲ್ಕು ತಿಂಗಳಾದರೂ ಬಂದಿಲ್ಲ ಅಂದರೆ ಬೇರೆ ಕಾರಣ ಹುಡುಕಬೇಕು. ರಕ್ತಕಣಗಳ ಲೆಕ್ಕ ಹೇಳುವ ಒಂದು ಸಿಬಿಸಿ, ಥೈರಾಯ್ಡಿಗೆ ಟಿಎಸ್‌ಎಚ್, ಶುಗರ್, ಲಿವರ್ ಫಂಕ್ಷನ್, ಇಷ್ಟು ಮಾಡಿಸಿ ಡಾಕ್ಟರಿಗೆ ತೋರಿಸಿ. ನನ್ನ ಹಾಗೆ ಇಂಟರ್‌ಫೆರಾನ್ ತಗೊಂಡ ಹಳೇ ಕಾಲದವರಂತೂ ಥೈರಾಯ್ಡ್ ನೋಡಿಸಲೇಬೇಕು, ಅದನ್ನು ಕೆಡಿಸುವುದರಲ್ಲಿ ಆ ಔಷಧಿ ಎತ್ತಿದ ಕೈ. ಮೆಡಿಕಲ್ ಸ್ಟೋರಿನಲ್ಲಿ "ರಕ್ತ ಕಮ್ಮಿ" ಅಂತ ಹೇಳಿ ಐರನ್ ಮಾತ್ರೆ ಮಾತ್ರ ತರಬೇಡಿ. ರಿಬಾವಿರಿನ್ನಿಂದ ಆಗುವುದು ಕಣ ಒಡೆದು ಆದ ಕೊರತೆ, ಕಬ್ಬಿಣ ಇಲ್ಲದೆ ಆದದ್ದಲ್ಲ. ಪರೀಕ್ಷೆ ಮಾಡದೆ ತುಂಬಿದ ಕಬ್ಬಿಣ ಲಿವರಿನಲ್ಲೇ ಹೋಗಿ ಕೂರುತ್ತದೆ. ಶುಗರ್ ಇರುವವರಿಗೆ ಇನ್ನೊಂದು ಮಾತು: ವೈರಸ್ ಹೋದ ಮೇಲೆ ಕೆಲವರಿಗೆ ಶುಗರ್ ಇಳಿಯುತ್ತದೆ, ಹಳೇ ಡೋಸಿನ ಮಾತ್ರೆಯನ್ನೇ ನುಂಗುತ್ತಿದ್ದರೆ ಅದರಿಂದಲೂ ಕೈಕಾಲು ನಡುಗಿ ಸುಸ್ತಾಗಬಹುದು.

ಇನ್ನು ಪಥ್ಯಕ್ಕೆ ಬರೋಣ. ನನ್ನ ಸಿಟ್ಟೆಲ್ಲ ಇರುವುದೇ ಇದರ ಮೇಲೆ.

ನೀವು ಬರೆದಿಲ್ಲ, ಆದರೂ ನಿಮ್ಮ ಪಥ್ಯ ಏನು ಅಂತ ನಾನೇ ಹೇಳ್ತೀನಿ. ಬೆಳಿಗ್ಗೆ ಗಂಜಿ ಅಥವಾ ಇಡ್ಲಿ. ಮಧ್ಯಾಹ್ನ ಬಿಳೀ ಅನ್ನ, ನೀರು ಮಜ್ಜಿಗೆ. ಸಂಜೆ ಗ್ಲೂಕೋಸ್ ನೀರು, ಇಲ್ಲ ಕಬ್ಬಿನ ಹಾಲು. ರಾತ್ರಿ ಏಳಕ್ಕೇ ಮತ್ತೆ ಅನ್ನ. ಎಣ್ಣೆ ಇಲ್ಲ, ಉಪ್ಪು ಅರ್ಧ. ಅರಿಶಿನ ಇಲ್ಲ, ಯಾಕಂದರೆ ಅದು ಹಳದಿ! ಮೊಟ್ಟೆ, ಬದನೆಕಾಯಿ, ಅವರೆಕಾಳು, ಕೋಳಿ ಎಲ್ಲ ನಂಜು. ಹೌದಲ್ವಾ?

ಈ ಪಟ್ಟಿ ಬಂದದ್ದು ಜಾಂಡೀಸಿನಿಂದ. ನಮ್ಮ ಊರುಗಳಲ್ಲಿ ಕಾಮಾಲೆ ಅಂದರೆ ಹೆಚ್ಚಾಗಿ ಕೊಳಕು ನೀರಿನಿಂದ ಬರುವ ಹೆಪಟೈಟಿಸ್ ಎ ಅಥವಾ ಇ. ಅವು ಬಹುಮಟ್ಟಿಗೆ ಕೆಲವು ವಾರಗಳಲ್ಲಿ ತಾವಾಗೇ ಹೋಗುತ್ತವೆ. ಆ ದಿನಗಳಲ್ಲಿ ವಾಕರಿಕೆ ಇರುವುದರಿಂದ ಎಣ್ಣೆ ಪದಾರ್ಥ ಸೇರುವುದಿಲ್ಲ, ಗಂಜಿಯೇ ಹಿತ. ಗಂಜಿ ಕುಡಿದ, ವಾಸಿಯಾದ, ಆದ್ದರಿಂದ ಗಂಜಿಯಿಂದಲೇ ವಾಸಿಯಾದ. ಕೈಗೆ ಬರೆ ಹಾಕಿದವರೂ ಹೀಗೇ ಹೆಸರು ಮಾಡಿದ್ದು, ಮೂಗಿಗೆ ಸೊಪ್ಪಿನ ರಸ ಬಿಟ್ಟವರೂ ಹೀಗೇ. ಕೆಲವು ವಾರದ ಕಾಯಿಲೆಯ ಪಥ್ಯವನ್ನು ಎತ್ತಿಕೊಂಡು ಬಂದು ಇಪ್ಪತ್ತು ವರ್ಷ ಲಿವರ್ ತಿಂದ ಕಾಯಿಲೆಗೆ, ಅದೂ ವಾಸಿಯಾದ ಮೇಲೆ ಅಂಟಿಸಿದ್ದೀವಿ.

ಅರಿಶಿನಕ್ಕೂ ಕಣ್ಣಿನ ಹಳದಿಗೂ ಸಂಬಂಧ ಇಲ್ಲ. ಆ ಹಳದಿ ಬಿಲಿರುಬಿನ್, ಹಳೇ ಕೆಂಪುಕಣ ಒಡೆದಾಗ ಹುಟ್ಟುವುದು. ಸಾರಿಗೆ ಹಾಕುವ ಚಿಟಿಕೆ ಅರಿಶಿನ ಹಾಕಿ. ಲಿವರಿಗೆ ಒಳ್ಳೇದು ಅಂತ ಮಾರುವ ಅರಿಶಿನದ ಕ್ಯಾಪ್ಸೂಲ್ ಬೇಡ, ಅದರಿಂದ ಲಿವರ್ ಕೆಟ್ಟ ಉದಾಹರಣೆಗಳಿವೆ. ಇನ್ನು ಕಬ್ಬಿನ ಹಾಲು, ಅದು ಸಕ್ಕರೆ ನೀರು ಅಷ್ಟೇ. ರಸ್ತೆ ಬದಿಯಲ್ಲಿ ಕುಡಿದರೆ ಅದರೊಳಗಿನ ಐಸಿನಿಂದ ಹೊಸದಾಗಿ ಜಾಂಡೀಸ್ ಬೇರೆ ಬರಬಹುದು.

ಈಗ ನಿಜವಾದ ವಿಷಯ ಕೇಳಿ. ಆರೋಗ್ಯವಾಗಿರುವ ಲಿವರ್ ಹಗಲು ಉಂಡದ್ದರಲ್ಲಿ ಒಂದು ಪಾಲು ಸಕ್ಕರೆಯನ್ನು ಕಣಜದ ಹಾಗೆ ತುಂಬಿಟ್ಟುಕೊಂಡು ರಾತ್ರಿಯೆಲ್ಲ ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಸಿರೋಸಿಸ್ ಆದ ಲಿವರಿನ ಕಣಜ ಚಿಕ್ಕದು. ಮಧ್ಯರಾತ್ರಿಗೆ ಖಾಲಿ. ಆಮೇಲೆ ಮಿದುಳಿಗೆ ಸಕ್ಕರೆ ಬೇಕಲ್ಲ, ದೇಹ ತನ್ನ ಮಾಂಸಖಂಡವನ್ನೇ ಕರಗಿಸಿ ಮಾಡಿಕೊಳ್ಳುತ್ತದೆ. ಇಂಥವರಿಗೆ ಒಂದು ರಾತ್ರಿಯ ಉಪವಾಸ ಅಂದರೆ ನಮ್ಮ ನಿಮ್ಮಂಥವರ ಎರಡು ಮೂರು ದಿನದ ಉಪವಾಸಕ್ಕೆ ಸಮ. ನೀವು ಏಳಕ್ಕೇ ಊಟ ಮುಗಿಸಿ ಬೆಳಿಗ್ಗೆ ಎಂಟಕ್ಕೆ ಗಂಜಿ ಕೊಡ್ತೀರಿ. ಹದಿಮೂರು ಗಂಟೆ! ಶಕ್ತಿ ಎಲ್ಲಿ ಹೋಯ್ತು ಅಂತ ಕೇಳಿದರೆ, ಅವರ ತೊಡೆಯನ್ನೇ ದಿನಾ ರಾತ್ರಿ ಸುಡ್ತಾ ಇದ್ದೀರಿ ಅಂತ ಹೇಳಬೇಕಾಗುತ್ತದೆ.

ಪಥ್ಯದಲ್ಲಿ ಮಾಂಸ ಕರಗಿದ್ದು ನನಗೂ ಆಗಿತ್ತು. ನಮ್ಮಮ್ಮ ಮೂರು ತಿಂಗಳು ಮಜ್ಜಿಗೆ ಅನ್ನದಲ್ಲೇ ಸಾಕಿದರು, ಪ್ರೀತಿಯಿಂದಲೇ. ಲ್ಯಾಬಿನಲ್ಲಿ ನೀರಿನ ಕ್ಯಾನ್ ಎತ್ತಲಿಕ್ಕೆ ಹೋದರೆ ನೆಲ ಬಿಡಲಿಲ್ಲ. ಚೆಕಪ್ಪಿಗೆ ಹೋದಾಗ ಡಾಕ್ಟರಮ್ಮ ಕಂಪ್ಯೂಟರ್ ಕಡೆ ನೋಡದೆ ನನ್ನ ಕೈ ಹಿಡಿದು ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಜಾಗ ಒತ್ತಿದರು. ಅಲ್ಲಿ ಉಬ್ಬಿರಬೇಕಾದ ಮಾಂಸ ಗುಳಿ ಬಿದ್ದಿತ್ತು. "ಏನು ತಿಂತೀರಾ?" ಅಂದರು. ನಾನು ಹೆಮ್ಮೆಯಿಂದ ಪಥ್ಯ ಒಪ್ಪಿಸಿದೆ. ಅವರು ಬೈದದ್ದನ್ನು ಇಲ್ಲಿ ಬರೆಯಲಿಕ್ಕಾಗಲ್ಲ.

ಲೆಕ್ಕ ಹಾಕಿ. ಸಿರೋಸಿಸ್ ಇರುವವರಿಗೆ ಒಂದು ಕೆಜಿ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. 60 ಕೆಜಿಯವರಿಗೆ 72ರಿಂದ 90 ಗ್ರಾಂ. ನಿಮ್ಮ ಗಂಜಿ, ಇಡ್ಲಿ, ಮಜ್ಜಿಗೆ ಅನ್ನ ಎಲ್ಲ ಸೇರಿಸಿದರೂ ಇಪ್ಪತ್ತು ಇಪ್ಪತ್ತೈದು ದಾಟುವುದಿಲ್ಲ. ನಂಜು ಅಂತ ತೆಗೆದಿಟ್ಟಿರಲ್ಲ, ಪ್ರೋಟೀನ್ ಇರುವುದೆಲ್ಲ ಅಲ್ಲೇ. ಒಂದು ಮೊಟ್ಟೆಗೆ 6 ಗ್ರಾಂ, ಒಂದು ದೊಡ್ಡ ಲೋಟ ಹಾಲಿಗೂ ಅಷ್ಟೇ. ನೂರು ಗ್ರಾಂ ಹುರುಳಿಕಾಳಿಗೆ 22ರ ಹತ್ತಿರ, ಕಡಲೆಕಾಯಿ ಬೀಜಕ್ಕೆ 25ರ ಹತ್ತಿರ. ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆ ಸಾರು ಮಾಡದ ಮನೆ ನಮ್ಮ ಸೀಮೆಯಲ್ಲಿ ಇದೆಯಾ? ಹಾರ್ಲಿಕ್ಸ್ ಡಬ್ಬಕ್ಕೆ ದುಡ್ಡು ಸುರಿಯುವ ಬದಲು ಹುರುಳಿ ಬಸ್ಸಾರು, ಮೊಳಕೆ ಕಾಳು, ಮೊಟ್ಟೆ, ವಾರಕ್ಕೆರಡು ಸಲ ಕೋಳಿ. ಕಡಲೆಕಾಯಿ ಬೀಜ ಮಾತ್ರ ಬೂಷ್ಟು ಹಿಡಿದಿರಬಾರದು, ಆ ಬೂಷ್ಟಿನ ಅಫ್ಲಾಟಾಕ್ಸಿನ್ ಲಿವರ್ ಕ್ಯಾನ್ಸರಿಗೆ ದಾರಿ. ಮೂಟೆಯ ತಳದ ಕಪ್ಪು ಬೀಜ ಆರಿಸಿ ಎಸೆಯಿರಿ, ಒಗ್ಗರಣೆಗೆ ಆಗುತ್ತೆ ಅನ್ನಬೇಡಿ.

ರಾತ್ರಿ ಮಲಗುವ ಮುಂಚೆ ಏನಾದರೂ ತಿನ್ನಲೇಬೇಕು. ಇದಕ್ಕೆ ನಮ್ಮ ರಾಗಿ ಹುರಿಹಿಟ್ಟಿಗಿಂತ ಒಳ್ಳೇದು ನನಗೆ ಸಿಕ್ಕಿಲ್ಲ: ಬಿಸಿ ಹಾಲಿಗೆ ಎರಡು ಮೂರು ಚಮಚ ಹುರಿಹಿಟ್ಟು, ಶುಗರ್ ಇಲ್ಲದಿದ್ದರೆ ಸ್ವಲ್ಪ ಬೆಲ್ಲ. ಬೆಳಿಗ್ಗೆ ಎದ್ದ ತಕ್ಷಣ ಕಾಫಿ ಕುಡಿಯಲಿ, ಕಾಫಿ ಕುಡಿಯುವವರ ಲಿವರ್ ಗಟ್ಟಿಯಾಗುವುದು ಕಮ್ಮಿ ಅಂತ ಅಧ್ಯಯನಗಳೇ ಹೇಳುತ್ತವೆ. ಬರೀ ಹೊಟ್ಟೆಯಲ್ಲಿ ಗಂಟೆಗಟ್ಟಲೆ ಕೂರಿಸಬೇಡಿ, ಅಷ್ಟೇ.

ಹಾಗಾದರೆ ಪಥ್ಯವೇ ಇಲ್ಲವಾ? ಇದೆ. ಹೆಂಡ, ಬ್ರಾಂದಿ, ಬಿಯರು ಒಂದು ಹನಿಯೂ ಇಲ್ಲ, ಮಗಳ ಮದುವೆಯಲ್ಲೂ ಇಲ್ಲ. ಕಾಲು ಊದಿದ್ದರೆ, ಹೊಟ್ಟೆಯಲ್ಲಿ ನೀರು ತುಂಬಿದ್ದರೆ ಉಪ್ಪು ಕಮ್ಮಿ, ಉಪ್ಪಿನಕಾಯಿ ಹಪ್ಪಳ ಬಂದ್. ಮೈಕೈ ನೋವಿಗೆ ಅಂತ ಅಂಗಡಿಯ ನೋವಿನ ಮಾತ್ರೆ ನುಂಗಬಾರದು, ಡಾಕ್ಟರನ್ನು ಕೇಳಿಯೇ ತಗೋಬೇಕು. ಮತ್ತೆ ನಾಟಿ ಔಷಧಿ, ಕಷಾಯ ಯಾವುದೂ ಬೇಡ. ಅಮೃತಬಳ್ಳಿ ಎಷ್ಟು ಸಾಧು ಅನ್ನಿಸುತ್ತದೆ ಅಲ್ವಾ? ಕೋವಿಡ್ ಸಮಯದಲ್ಲಿ ಅದರ ಕಷಾಯ ಕುಡಿದು ಲಿವರ್ ಕೆಡಿಸಿಕೊಂಡವರ ಬಗ್ಗೆ ಮುಂಬಯಿಯ ವೈದ್ಯರು 2021ರಲ್ಲೇ ವರದಿ ಮಾಡಿದ್ದರು. ಈ ಮಾತಿಗೆ ಬೈಗುಳ ಬರುತ್ತದೆ ಅಂತ ಗೊತ್ತು, ಬರಲಿ.

ತಿಂದದ್ದು ಮಾಂಸಖಂಡವಾಗಬೇಕಾದರೆ ಮೈ ಆಡಬೇಕು. ಮೊದಲ ವಾರ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಬೆಳಿಗ್ಗೆ ಹತ್ತು, ಸಂಜೆ ಹತ್ತು. ಆಮೇಲೆ ನಡಿಗೆ. ನಾನು ಅಂಬಾಜಿ ದುರ್ಗದ ಬೆಟ್ಟದ ಬುಡಕ್ಕೆ ಹೋಗಿ ಮೊದಲ ದಿನ ಇಪ್ಪತ್ತು ಹೆಜ್ಜೆಗೆ ಕೂತುಬಿಟ್ಟೆ. ತುದಿ ಮುಟ್ಟಲು ಏಳು ತಿಂಗಳು ಬೇಕಾಯ್ತು. ತೋಟದಲ್ಲಿ ಮೂಟೆ ಎತ್ತುವುದು ಈಗಲೇ ಬೇಡ, ಅದರಲ್ಲೂ ಎಂಡೋಸ್ಕೋಪಿಯಲ್ಲಿ ಅನ್ನನಾಳದ ರಕ್ತನಾಳ ಊದಿದೆ ಅಂತ ಬರೆದಿದ್ದರೆ ಡಾಕ್ಟರನ್ನು ಕೇಳದೆ ಭಾರ ಮುಟ್ಟಬಾರದು. ಸಿರೋಸಿಸ್ ಇದ್ದವರು ವೈರಸ್ ಹೋದರೂ ಆರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಬೇಕು. ವೈರಸ್ ಹೋಗಿದೆ, ಆದರೆ ಅದು ಬಿಟ್ಟು ಹೋದ ಕಲೆಯಲ್ಲಿ ಕ್ಯಾನ್ಸರ್ ಹುಟ್ಟುವ ಭಯ ಪೂರ್ತಿ ಹೋಗಿಲ್ಲ.

ಇನ್ನೊಂದು ವಿಷಯ. ಇದನ್ನು ನೀವು ಕೇಳಿಲ್ಲ, ಆದರೆ ಇವತ್ತಲ್ಲ ನಾಳೆ ಕೇಳ್ತೀರಿ. ಮುಂದೆ ಯಾವಾಗಲಾದರೂ ಹಲ್ಲು ಕೀಳಿಸಲಿಕ್ಕೋ ಕಣ್ಣಿನ ಪೊರೆ ಆಪರೇಷನ್ನಿಗೋ ಹೋದರೆ ಅಲ್ಲಿ ಒಂದು ಹನಿ ರಕ್ತ ಹೆಪಟೈಟಿಸ್ ಸಿ ಟೆಸ್ಟ್ ಕಾರ್ಡಿನ ಮೇಲೆ ಬಿಡುತ್ತಾರೆ. ಇಪ್ಪತ್ತು ನಿಮಿಷದಲ್ಲಿ ಎರಡು ಗೆರೆ ಮೂಡುತ್ತದೆ. ಪಾಸಿಟಿವ್! ಮನೆಯಲ್ಲಿ ಮತ್ತೆ ಅಳು. ನನ್ನ ಕಿಟಕಿಯ ಮುಂದೆ ಹೀಗೆ ಅತ್ತವರನ್ನು ಎಷ್ಟು ನೋಡಿದ್ದೀನೋ. ಆ ಕಾರ್ಡ್ ವೈರಸ್ಸನ್ನು ಹುಡುಕುವುದೇ ಇಲ್ಲ. ವೈರಸ್ ವಿರುದ್ಧ ದೇಹ ಮಾಡಿಕೊಂಡ ಆಂಟಿಬಾಡಿಯನ್ನು ಹುಡುಕುತ್ತದೆ. ಅದು ವಾಸಿಯಾದ ಮೇಲೂ ಉಳಿಯುತ್ತದೆ, ಬಹಳ ಜನಕ್ಕೆ ಸಾಯುವವರೆಗೂ. ನನ್ನ ರಕ್ತವನ್ನು ನಾನೇ ಹಾಕಿ ನೋಡಿದ್ದೀನಿ, ಇವತ್ತಿಗೂ ಎರಡು ಗೆರೆ. ವೈರಸ್ ಇದೆಯಾ ಇಲ್ಲವಾ ಅಂತ ಹೇಳುವುದು ರಕ್ತದಲ್ಲಿ ವೈರಸ್ಸನ್ನೇ ಹುಡುಕುವ ಆರ್‌ಎನ್‌ಎ ಟೆಸ್ಟ್. ಔಷಧಿ ಮುಗಿದು 12 ವಾರ ಕಳೆದ ಮೇಲೆ ಅದರಲ್ಲಿ ವೈರಸ್ ಸಿಗದಿದ್ದರೆ ವಾಸಿ ಅಂತಲೇ ಅರ್ಥ. ಎರಡು ಗೆರೆ ಇದ್ದ ಮಾತ್ರಕ್ಕೆ ಬೇರೆಯವರಿಂದ ತಟ್ಟೆ ಲೋಟ ಬೇರೆ ಇಡಿಸಿಕೊಳ್ಳಬೇಕಾಗಿಲ್ಲ, ಕಾಯಿಲೆ ಇದ್ದಾಗಲೂ ಅದು ತಟ್ಟೆಯಿಂದ ಹರಡುತ್ತಿರಲಿಲ್ಲ. ಆದರೆ ರಕ್ತದಾನ ಇನ್ನು ಮಾಡುವ ಹಾಗಿಲ್ಲ. ಇದಕ್ಕೆ ಲಸಿಕೆ ಇಲ್ಲ, ಒಮ್ಮೆ ಬಂದದ್ದು ಮತ್ತೆ ಬರಬಹುದು, ಹಾಗಾಗಿ ಕಟಿಂಗ್ ಶಾಪಿನಲ್ಲಿ ಹೊಸ ಬ್ಲೇಡ್ ಹಾಕಿಸಿಕೊಳ್ಳಲಿ.

ಆ ಆರ್‌ಎನ್‌ಎ ರಿಪೋರ್ಟನ್ನು ರೇಷನ್ ಕಾರ್ಡಿನ ಜೊತೆ ಇಡಿ. ನಾಲ್ಕು ಜೆರಾಕ್ಸ್ ತೆಗೆಸಿ, ಒಂದನ್ನು ಅವರ ಜೇಬಿನ ಪರ್ಸಿನಲ್ಲಿ ಮಡಿಸಿ ಇಡಿ. ಆಪರೇಷನ್ನಿಗೆ ಮೊದಲು ರಕ್ತ ತೆಗೆಯುವವರಿಗೆ ಕಾರ್ಡಿನಲ್ಲಿ ಗೆರೆ ಮೂಡುವ ಮುಂಚೆಯೇ ಅದನ್ನು ತೋರಿಸಿಬಿಡಿ.