ಅಪ್ಪನ ವಾಚಿಗೊಂದು ನೈಲಾನ್ ಬೆಲ್ಟು

ಪುತ್ತೂರಿನ ಕಡೆ ಆಷಾಢ ಹಿಡಿಯಿತೆಂದರೆ ಚಪ್ಪಲಿ, ಪರ್ಸು, ಸೊಂಟದ ಬೆಲ್ಟು ಯಾವುದನ್ನೂ ಬಿಡದೆ ಬೂಷ್ಟು ಹತ್ತುತ್ತದೆ. ಅಪ್ಪನ ಎಚ್‌ಎಂಟಿ ಜನತಾ ವಾಚಿಗೆ ಹಾಕಿಸಿದ ಚರ್ಮದ ಬೆಲ್ಟುಗಳಲ್ಲಿ ಒಂದೂ ಎರಡನೇ ಮಳೆಗಾಲ ಕಂಡದ್ದಿಲ್ಲ. ವಾಚು ಮಾತ್ರ ಬೆಳಿಗ್ಗೆ ಒಮ್ಮೆ ಕೀಲಿ ಕೊಟ್ಟರೆ ಇವತ್ತಿಗೂ ದಿನವಿಡೀ ನಡೆಯುತ್ತದೆ. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಆ ಕಾರ್ಖಾನೆಯ ವಾಚುಗಳು ಕರ್ನಾಟಕದ ಎಷ್ಟೋ ಮನೆಗಳ ಬೀರುವಿನಲ್ಲಿ ಹೀಗೇ ಜೀವ ಹಿಡಿದುಕೊಂಡು ಕೂತಿವೆ. ಕಟ್ಟಿಕೊಳ್ಳಲು ಅವಕ್ಕೆ ಬೇಕಿರುವುದು ಒಂದು ಒಳ್ಳೆಯ ಬೆಲ್ಟು.

ಚರ್ಮ ಯಾಕೆ ತಡೆಯುವುದಿಲ್ಲ ಎನ್ನುವುದು ಸುಲಭ. ಅದು ಹದ ಮಾಡಿದ ಕೊಲಾಜೆನ್, ಅಂದರೆ ಪ್ರೋಟೀನು. ಬೆವರು ಅದರೊಳಗಿನ ಎಣ್ಣೆಯಂಶವನ್ನು ಎಳೆದು ಉಪ್ಪನ್ನು ಬಿಟ್ಟುಹೋಗುತ್ತದೆ. ಒಣಗಿದಾಗ ಬಿರುಕು ಬಿಡುತ್ತದೆ, ಒದ್ದೆಯಾದಾಗ ಶಿಲೀಂಧ್ರಕ್ಕೆ ಊಟವಾಗುತ್ತದೆ. ಎರಡು ವರ್ಷದ ಹಿಂದೆ ನಾನು ಅಪ್ಪನ ವಾಚಿಗೆ ಬಟ್ಟೆಯ ಬೆಲ್ಟು ಹುಡುಕಲು ಹೊರಟೆ. ಬಟ್ಟೆ ಎಂದರೆ ಇಲ್ಲಿ ಹತ್ತಿಯಲ್ಲ, ನೈಲಾನ್.

ಅಮೆರಿಕದ ಡ್ಯೂಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ ವಾಲೇಸ್ ಕರೋದರ್ಸ್ ತಂಡ 1935ರ ಫೆಬ್ರವರಿಯಲ್ಲಿ ನೈಲಾನ್ 6,6 ತಯಾರಿಸಿತು. ಆರಾರು ಕಾರ್ಬನ್ ಪರಮಾಣುಗಳಿರುವ ಎರಡು ಬಗೆಯ ಅಣುಗಳನ್ನು ಒಂದಾದ ಮೇಲೊಂದು ಪೋಣಿಸಿದ ಉದ್ದನೆಯ ಸರ ಅದು. ಹೆಸರಿನಲ್ಲಿರುವ ಎರಡು ಆರು ಅಲ್ಲಿಂದ ಬಂದದ್ದು. ಮೊದಲು ಹಲ್ಲುಜ್ಜುವ ಬ್ರಷ್ಷಿನ ಎಳೆಯಾಯಿತು, 1940ರಲ್ಲಿ ಹೆಂಗಸರ ಕಾಲುಚೀಲವಾಯಿತು, ಯುದ್ಧ ಬಂದಾಗ ಪ್ಯಾರಾಶೂಟ್ ಆಯಿತು.

ಈ ಸರಗಳನ್ನು ಎಳೆದು ನೂಲು ಮಾಡಿದಾಗ ಅವು ಪಕ್ಕಪಕ್ಕದಲ್ಲಿ ಸಾಲಾಗಿ ಮಲಗುತ್ತವೆ. ಒಂದು ಸರದ ಆಮ್ಲಜನಕ ಪಕ್ಕದ ಸರದ ಹೈಡ್ರೋಜನ್ನನ್ನು ಸಣ್ಣಗೆ ಸೆಳೆದು ಹಿಡಿಯುತ್ತದೆ. ಒಂದೊಂದು ಹಿಡಿತ ದುರ್ಬಲ, ಆದರೆ ಒಂದೇ ನೂಲಿನಲ್ಲಿ ಅಂಥವು ಲೆಕ್ಕವಿಲ್ಲದಷ್ಟು. ನೈಲಾನಿನ ಗಟ್ಟಿತನ ಇರುವುದು ಇಲ್ಲಿ. ಅದರ ಒಂದು ದೌರ್ಬಲ್ಯವೂ ಇಲ್ಲೇ ಇದೆ, ಯಾಕೆಂದರೆ ನೀರಿಗೂ ಇದೇ ಹಿಡಿತ ಇಷ್ಟ. ನೀರಿನ ಅಣು ಎರಡು ಸರಗಳ ನಡುವೆ ತೂರಿ, ಅವು ಪರಸ್ಪರ ಹಿಡಿದ ಕೈ ಬಿಡಿಸಿ ತಾನು ಹಿಡಿದುಕೊಳ್ಳುತ್ತದೆ. ಸಾಮಾನ್ಯ ಹವೆಯಲ್ಲೇ ನೈಲಾನ್ ತನ್ನ ತೂಕದ ಸುಮಾರು 4 ಶೇಕಡದಷ್ಟು ತೇವವನ್ನು ಒಳಗಿಟ್ಟುಕೊಂಡಿರುತ್ತದೆ. ಹತ್ತಿ ಅದರ ಎರಡು ಪಟ್ಟು ಹತ್ತಿರ ಕುಡಿಯುತ್ತದೆ, ಪಾಲಿಯೆಸ್ಟರ್ 0.4 ಶೇಕಡ ಮಾತ್ರ. ಮಳೆಯಲ್ಲಿ ನೆನೆದ ನೈಲಾನ್ ಟೆಂಟು ಜೋಲುಬೀಳುವುದೂ, ಬೆಳಿಗ್ಗೆ ಸರಿಯಾಗಿದ್ದ ನೈಲಾನ್ ಬೆಲ್ಟು ಸ್ನಾನವಾದ ಮೇಲೆ ತುಸು ಸಡಿಲ ಅನ್ನಿಸುವುದೂ ಇದೇ ಕಾರಣಕ್ಕೆ. ಒಣಗಿದರೆ ಮತ್ತೆ ಮೊದಲಿನಂತೆ. ಹೊಸ ಬೆಲ್ಟು ರಟ್ಟಿನಂತೆ ಸೆಟೆದುಕೊಂಡಿದ್ದರೆ ಒಂದು ರಾತ್ರಿ ನೀರಿನಲ್ಲಿ ನೆನೆಸಿ ಕೈಗೆ ಕಟ್ಟಿ ಒಣಗಿಸಿಕೊಳ್ಳಿ, ಮಣಿಕಟ್ಟಿನ ಆಕಾರಕ್ಕೆ ಬೇಗ ಬಗ್ಗುತ್ತದೆ. ಒದ್ದೆ ನೈಲಾನಿನ ಅಣುಗಳು ಕೋಣೆಯ ಉಷ್ಣತೆಯಲ್ಲೇ ಜಾರಾಡಬಲ್ಲವು, ಒಣ ನೈಲಾನಿಗೆ ಅದಕ್ಕೆ ಹೆಚ್ಚು ಬಿಸಿ ಬೇಕು.

ನಮ್ಮ ಕಡೆಯವರಿಗೆ ಒಂದು ಎಚ್ಚರಿಕೆ. ಪುತ್ತೂರು, ಸುಳ್ಯ, ಬೆಳ್ತಂಗಡಿಯ ರಬ್ಬರ್ ತೋಟಗಳಲ್ಲಿ ಹಾಲು ಹೆಪ್ಪುಗಟ್ಟಿಸಲು ಫಾರ್ಮಿಕ್ ಆಮ್ಲ ಬಳಸುತ್ತಾರೆ. ನೀರು ಬೆರೆಸುವ ಮುಂಚಿನ ಗಟ್ಟಿ ಆಮ್ಲ ನೈಲಾನನ್ನು ಸಕ್ಕರೆಯಂತೆ ಕರಗಿಸಿಬಿಡುತ್ತದೆ. ನೈಲಾನ್ ಯಾವುದು, ಪಾಲಿಯೆಸ್ಟರ್ ಯಾವುದು ಎಂದು ಪ್ರಯೋಗಾಲಯದಲ್ಲಿ ಗುರುತಿಸುವ ಒಂದು ವಿಧಾನವೇ ಇದು. ಬ್ಯಾಟರಿಯ ಆಮ್ಲವೂ ನೈಲಾನಿಗೆ ಶತ್ರು, ಬಟ್ಟೆ ಬಿಳುಪು ಮಾಡುವ ಬ್ಲೀಚೂ ಶತ್ರು. ಅಂಥ ಕೆಲಸದವರಿಗೆ, ಮತ್ತೆ ದಿನವಿಡೀ ಬಿಸಿಲಲ್ಲಿ ಇರುವವರಿಗೆ, ಪಾಲಿಯೆಸ್ಟರ್ ಬೆಲ್ಟೇ ವಾಸಿ. ಸೂರ್ಯನ ಅತಿನೇರಳೆ ಕಿರಣ ನೈಲಾನಿನ ಸರವನ್ನು ಕಡಿಯುವಷ್ಟು ಸುಲಭವಾಗಿ ಪಾಲಿಯೆಸ್ಟರನ್ನು ಕಡಿಯುವುದಿಲ್ಲ. ಕಾರಿನ ಸೀಟ್ ಬೆಲ್ಟನ್ನು ಸಾಮಾನ್ಯವಾಗಿ ಪಾಲಿಯೆಸ್ಟರಿನಲ್ಲೇ ನೇಯುತ್ತಾರೆ.

ನೂಲಿನಷ್ಟೇ ಮುಖ್ಯ ನೇಯ್ಗೆ. ಸಣ್ಣವನಿದ್ದಾಗ ಅಜ್ಜನ ಮನೆಯ ನವಾರಿನ ಮಂಚದಲ್ಲಿ ಕುಣಿದವನಿಗೆ ಈ ವಿಷಯ ವಿವರಿಸಬೇಕಿಲ್ಲ. ಪಟ್ಟಿಯ ಉದ್ದಕ್ಕೂ ಹೋಗುವ ಹಾಸು ಭಾರ ಹೊರುತ್ತದೆ, ಅಡ್ಡ ಬರುವ ಹೊಕ್ಕು ಹಾಸನ್ನು ಅದರ ಜಾಗದಲ್ಲಿ ಹಿಡಿದಿಡುತ್ತದೆ. ಹೊಕ್ಕು ಸಡಿಲವಾಗಿದ್ದರೆ ಹಾಸಿನ ನೂಲುಗಳು ಒಂದನ್ನೊಂದು ಉಜ್ಜಿ ನಯವಾಗಿ ಸವೆಯುತ್ತವೆ, ಮೇಲೆ ಜುಂಗು ಏಳುತ್ತದೆ. ಆದ್ದರಿಂದ ಬೆಲ್ಟನ್ನು ಬೆಳಕಿಗೆ ಹಿಡಿದು ನೋಡಬೇಕು. ನೇಯ್ಗೆಯ ಸಂದಿಯಲ್ಲಿ ಬೆಳಕು ಕಂಡರೆ ಕೆಳಗಿಡಿ. ಉಗುರಿನಿಂದ ಅಡ್ಡಲಾಗಿ ತಳ್ಳಿದಾಗ ನೂಲು ಸರಿದು ಗುರುತು ಬಿದ್ದರೂ ಕೆಳಗಿಡಿ.

ನೂಲಿನ ದಪ್ಪವನ್ನು ಡೆನಿಯರ್ ಎಂಬ ಅಳತೆಯಲ್ಲಿ ಹೇಳುತ್ತಾರೆ. 9000 ಮೀಟರ್ ನೂಲಿನ ತೂಕ ಎಷ್ಟು ಗ್ರಾಮೋ ಅಷ್ಟು ಡೆನಿಯರ್. ಗಟ್ಟಿ ಬಗೆಯ ನೈಲಾನ್ ಒಂದು ಡೆನಿಯರಿಗೆ ಸುಮಾರು 7 ಗ್ರಾಂ ಭಾರ ತಡೆಯುತ್ತದೆ. ಹಾಗಾದರೆ 840 ಡೆನಿಯರಿನ ಒಂದೇ ನೂಲು ಆರು ಕೆ.ಜಿ. ಹತ್ತಿರ ಎತ್ತುತ್ತದೆ. ಹಾಸಿನಲ್ಲಿ ಇಂಥ 40 ನೂಲಿದ್ದರೆ 200 ಕೆ.ಜಿ. ದಾಟಿತು. ವಾಚೊಂದಕ್ಕೆ ಇಷ್ಟು ಬಲ ಬೇಕೇ ಬೇಡ. ನಿಜ ಹೇಳಬೇಕೆಂದರೆ ಅದು ಅಪಾಯ ಕೂಡ. ಅಡಿಕೆ ಸುಲಿಯುವ ಯಂತ್ರ, ಲೇತು, ಪಂಪಿನ ಪಟ್ಟಿ ಇವುಗಳ ಹತ್ತಿರ ಕೆಲಸ ಮಾಡುವವರು ವಾಚು ಬಿಚ್ಚಿಟ್ಟೇ ಹೋಗಬೇಕು. ಹಳೇ ಚರ್ಮದ ಬೆಲ್ಟು ಸಿಕ್ಕಿಕೊಂಡರೆ ಹರಿದು ಕೈ ಉಳಿಸೀತು, ನೈಲಾನ್ ಹರಿಯುವುದಿಲ್ಲ.

ಅಂದರೆ ಬೆಲ್ಟು ಹಾಳಾಗುವುದು ನಡುವೆ ತುಂಡಾಗಿ ಅಲ್ಲ. ಹಾಳಾಗುವುದು ಅಂಚಿನಲ್ಲಿ, ತೂತಿನಲ್ಲಿ, ಲೋಹದಲ್ಲಿ. ಅಂಗಡಿಯಲ್ಲಿ ಬಣ್ಣ ನೋಡುತ್ತಾ ನಿಲ್ಲುವ ಬದಲು ಈ ಮೂರು ಜಾಗ ನೋಡಿದರೆ ಸಾಕು ಎನ್ನುವುದು ನನ್ನ ಅನುಭವ.

ಹತ್ತಿಯ ಲಾಡಿಯನ್ನು ಕತ್ತರಿಸಿದರೆ ಎಳೆ ಬಿಚ್ಚಿಕೊಳ್ಳುತ್ತದೆ, ಮಡಚಿ ಹೊಲಿಯದೆ ಗತಿಯಿಲ್ಲ. ಬೆಂಕಿ ತಾಗಿಸಿದರೆ ಬೂದಿಯಾಗುತ್ತದೆ. ನೈಲಾನ್ ಹಾಗಲ್ಲ, ಕಾಯಿಸಿದರೆ ಮೊದಲು ಕರಗುತ್ತದೆ. ನೈಲಾನಿನ ಇನ್ನೊಂದು ಬಗೆಯಾದ ನೈಲಾನ್ 6 ಸುಮಾರು 220 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನೈಲಾನ್ 6,6 ಸುಮಾರು 260ರಲ್ಲಿ. ತಣಿದಾಗ ಎಳೆಗಳ ತುದಿ ಒಂದಕ್ಕೊಂದು ಬೆಸೆದುಕೊಂಡು ಗಟ್ಟಿ ಅಂಚಾಗುತ್ತದೆ. ಹಸುವಿನ ನೈಲಾನ್ ಹಗ್ಗದ ತುದಿಯನ್ನು ಬೆಂಕಿಕಡ್ಡಿಯಿಂದ ಸುಟ್ಟು ಒತ್ತುವ ಉಪಾಯ ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತು. ಒಳ್ಳೆಯ ಬೆಲ್ಟಿನ ತುದಿಯಲ್ಲೂ ಪ್ರತಿ ತೂತಿನ ಸುತ್ತಲೂ ಇಂಥ ಕರಗಿಸಿದ ಬಳೆ ಇರುತ್ತದೆ. ಬರೀ ಚುಚ್ಚಿ ಬಿಟ್ಟ ತೂತಾದರೆ ಬಕಲಿನ ನಾಲಗೆ ದಿನಕ್ಕೆರಡು ಬಾರಿ ನೂಲು ಕೀಳುತ್ತಾ ಕೀಳುತ್ತಾ ಆರು ತಿಂಗಳಲ್ಲಿ ತೂತು ಸೀಳಾಗಿರುತ್ತದೆ. ಬೆಸುಗೆಯ ಅಂಚು ಒರಟಾಗಿದ್ದರೆ ಚರ್ಮ ಗೀರುತ್ತದೆ, ಆದ್ದರಿಂದ ಬೆರಳಾಡಿಸಿ ನೋಡಿ. ಕೊಂಡ ಬೆಲ್ಟು ಉದ್ದವಾದರೆ ಮನೆಯಲ್ಲೇ ಕತ್ತರಿಸಿ ಕಡ್ಡಿಯ ಜ್ವಾಲೆಯನ್ನು ಒಂದು ಗಳಿಗೆ ಹತ್ತಿರ ತಂದರೆ ಸಾಕು. ಕರಗಿದ ನೈಲಾನನ್ನು ಮುಟ್ಟಬೇಡಿ, ಬೆರಳಿಗೆ ಅಂಟಿ ಸುಡುತ್ತದೆ.

ಇನ್ನು ಲೋಹ. ವಾಚಿನ ಎರಡೂ ಕಡೆ ಚಾಚಿದ ಕಿವಿಗಳ ನಡುವೆ ಒಂದೊಂದು ಸ್ಪ್ರಿಂಗ್ ಪಿನ್ನು ಇರುತ್ತದೆ. ಸಣ್ಣ ಕೊಳವೆ, ಅದರೊಳಗೊಂದು ಸ್ಪ್ರಿಂಗು, ಎರಡು ತುದಿಗೆ ಗುಂಡುಸೂಜಿಯ ತಲೆಯಷ್ಟು ಮೊನೆ. ಇಡೀ ವಾಚು ನಿಂತಿರುವುದು ಆ ಮೊನೆಗಳ ಮೇಲೆ. ಬೆವರಿನ ಉಪ್ಪು ಅಲ್ಲಿ ಕೂತು ತುಕ್ಕು ಹಿಡಿಸುತ್ತದೆ. ನನ್ನದೇ ಒಂದು ವಾಚು ಬಸ್ಸಿನ ಕಂಬಿ ಹಿಡಿದು ನಿಂತಿದ್ದಾಗ ಪಿನ್ನು ಕಳಚಿ ಜಾರಿ ಬಿದ್ದು ಗಾಜು ಒಡೆಯಿತು. ಬೆಲ್ಟು ಹೊಸದೇ ಇತ್ತು.

ಈ ತೊಂದರೆಗೆ ಬ್ರಿಟಿಷ್ ಸೇನೆ ಕಂಡುಕೊಂಡ ಉತ್ತರ ನನಗೆ ಬಹಳ ಇಷ್ಟ. ಅವರ ಎಷ್ಟೋ ವಾಚುಗಳಲ್ಲಿ ಪಿನ್ನು ಬಿಚ್ಚಲಾಗದಂತೆ ಕಿವಿಗೆ ಬೆಸೆದೇ ಇರುತ್ತಿತ್ತು. ಹಾಗಾಗಿ ಪಟ್ಟಿಯನ್ನು ಪಿನ್ನಿಗೆ ಸಿಕ್ಕಿಸದೆ, ವಾಚಿನ ಬೆನ್ನ ಹಿಂದಿನಿಂದ ಒಂದೇ ಉದ್ದಕ್ಕೆ ತೂರಿಸಬೇಕಿತ್ತು. 1973ರ ನವೆಂಬರಿನಲ್ಲಿ ಅಲ್ಲಿನ ರಕ್ಷಣಾ ಸಚಿವಾಲಯ ಹೊರಡಿಸಿದ 66-15 ಎಂಬ ಮಾನದಂಡ ಇಂಥ ಪಟ್ಟಿಯ ವಿವರವನ್ನೆಲ್ಲ ಗೊತ್ತುಮಾಡಿತು: ನೈಲಾನ್, ಬೂದು ಬಣ್ಣ, 20 ಮಿ.ಮೀ. ಅಗಲ, ಕ್ರೋಮ್ ಲೇಪಿಸಿದ ಹಿತ್ತಾಳೆಯ ಬಕಲ್. ಸೈನಿಕರು ಜಿ1098 ಎಂಬ ಫಾರಂ ತುಂಬಿ ಇದನ್ನು ಪಡೆಯುತ್ತಿದ್ದುದರಿಂದ ಜಿ10 ಎಂದು ಹೆಸರಾಯಿತು. ಉಗ್ರಾಣದ ಪಟ್ಟಿಯಲ್ಲಿ ನೇಟೋ ಸಂಖ್ಯೆ ಇದ್ದುದರಿಂದ ಇವತ್ತು ಅಂಗಡಿಗಳಲ್ಲಿ ನೇಟೋ ಸ್ಟ್ರ್ಯಾಪ್ ಎಂದೇ ಮಾರುತ್ತಾರೆ.

ಮಾಮೂಲಿ ಎರಡು ತುಂಡಿನ ಬೆಲ್ಟಿನಲ್ಲಿ ಪಿನ್ನು, ವಾಚು, ಪಿನ್ನು ಸರಪಳಿಯ ಕೊಂಡಿಗಳಿದ್ದಂತೆ, ಒಂದು ಕಳಚಿದರೂ ವಾಚು ನೆಲಕ್ಕೆ. ತೂರಿಸುವ ಪಟ್ಟಿಯಲ್ಲಿ ಒಂದು ಪಿನ್ನು ಹೋದರೂ ಇನ್ನೊಂದರಿಂದ ವಾಚು ಪಟ್ಟಿಗೇ ನೇತಾಡುತ್ತದೆ. ವಾಚು ಪಟ್ಟಿಯ ಉದ್ದಕ್ಕೂ ಜಾರದಿರಲೆಂದು ಕೆಳಗೆ ಇನ್ನೊಂದು ಗಿಡ್ಡ ತುಂಡು, ಅದರ ತುದಿಗೊಂದು ಲೋಹದ ಬಳೆ. ಬಕಲು 12ರ ಕಡೆ ಇರುವಂತೆ ಹಿಡಿದು, ಉದ್ದನೆಯ ತುದಿಯನ್ನು 12ರ ಪಿನ್ನಿನ ಮೇಲಿಂದ ಒಳಕ್ಕೆ ಇಳಿಸಿ, ಬೆನ್ನ ಹಿಂದೆ ಎಳೆದು, 6ರ ಕಡೆ ಮೇಲಕ್ಕೆ ತೆಗೆದು, ಕೊನೆಗೆ ಆ ಬಳೆಯೊಳಗೆ ತೂರಿಸಬೇಕು. ಒಂದು ಸಲ ಮಾಡಿದರೆ ಕೈಗೆ ಬರುತ್ತದೆ. ವಾಚಿನ ಅಡಿ ಎರಡು ಪದರ ಬಟ್ಟೆ ಬರುವುದರಿಂದ ವಾಚು ಎರಡು ಮೂರು ಮಿ.ಮೀ. ಮೇಲೇಳುತ್ತದೆ. ತೆಳುವಾದ ಜನತಾಕ್ಕೆ ಅದು ಒಪ್ಪುತ್ತದೆ, ಮೊದಲೇ ದಪ್ಪಗಿರುವ ವಾಚಿಗೆ ನಾನಂತೂ ಹಾಕುವುದಿಲ್ಲ. ಸ್ಮಾರ್ಟ್ ವಾಚಿಗಂತೂ ಬೇಡವೇ ಬೇಡ. ಅದು ಹಸಿರು ಬೆಳಕನ್ನು ಚರ್ಮಕ್ಕೆ ಬಿಟ್ಟು, ರಕ್ತ ಅದನ್ನು ಹೀರುವ ಏರಿಳಿತದಿಂದ ನಾಡಿ ಎಣಿಸುತ್ತದೆ, ನಡುವೆ ಬಟ್ಟೆ ಬಂದರೆ ಕಣ್ಣು ಕಟ್ಟಿದಂತೆ.

ಅಗಲ ಅಳೆಯುವುದು ಹಳೇ ಬೆಲ್ಟನ್ನಲ್ಲ, ಕಿವಿಗಳ ನಡುವಿನ ಅಂತರವನ್ನು. ಅಪ್ಪನ ವಾಚಿನಲ್ಲಿ ಅದು 18 ಮಿ.ಮೀ. ಇತ್ತು, ನಾನು ಅಂದಾಜಿನಲ್ಲಿ ತಂದದ್ದು 20. ತುರುಕಿದರೆ ಹೋಗುತ್ತದೆ, ಆದರೆ ಪಟ್ಟಿ ಮುದುಡಿ ಅಂಚು ಕಿವಿಗೆ ಉಜ್ಜುತ್ತದೆ, ಬೆಸೆದ ಅಂಚಿದ್ದರೂ ಸವೆಯುತ್ತದೆ. ಮರುದಿನ ಬದಲಿಸಿದೆ.

ಕಟ್ಟುವ ಬಿಗಿ ಕೂಡ ಮುಖ್ಯ. ಸೆಕೆಯಲ್ಲಿ ಚರ್ಮದಡಿಯ ರಕ್ತನಾಳಗಳು ಹಿಗ್ಗುತ್ತವೆ, ಬೆಳಿಗ್ಗೆ ಸರಿಯಿದ್ದ ತೂತು ಮಧ್ಯಾಹ್ನ ಬಿಗಿ ಅನ್ನಿಸುತ್ತದೆ. ಕಿರುಬೆರಳು ಸಲೀಸಾಗಿ ಹೋಗುವಷ್ಟು ಜಾಗ ಬಿಡಿ. ಮಕ್ಕಳ ಉಡಿದಾರದ ಅಡಿ ಒದ್ದೆ ನಿಂತು ಕೆಂಪಗೆ ಹುಣ್ಣಾಗುವುದನ್ನು ತಾಯಂದಿರು ಬಲ್ಲರು. ಮಣಿಕಟ್ಟಿನಲ್ಲೂ ಆಗುವುದು ಅದೇ: ಆರದ ಬೆವರು, ಉಳಿದ ಸೋಪು, ಮೇಲಿಂದ ಉಜ್ಜಾಟ. ಬಕಲಿನ ಜಾಗದಲ್ಲಿ ಮಾತ್ರ ತುರಿಕೆ ಎದ್ದರೆ ಬಟ್ಟೆಯನ್ನು ದೂರಬೇಡಿ, ಅದು ಅಗ್ಗದ ಲೇಪದಿಂದ ಬಿಡುವ ನಿಕ್ಕೆಲ್ ಇರಬಹುದು. ಸ್ಟೀಲಿನ ಒಳ್ಳೆಯ ಬಕಲ್ ಇರುವ ಬೆಲ್ಟಿಗೆ ಬದಲಿಸಿ, ಆದರೂ ನಿಲ್ಲದಿದ್ದರೆ ಚರ್ಮವೈದ್ಯರಿಗೆ ತೋರಿಸಿ.

ಬೆವರಿಗೆ ತನ್ನದೇ ವಾಸನೆ ಇಲ್ಲವೆನ್ನುವಷ್ಟು ಕಡಿಮೆ, ನಾರುವಂತೆ ಮಾಡುವುದು ಬ್ಯಾಕ್ಟೀರಿಯಾ. ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವ್ಯಾಯಾಮ ಮಾಡಿದವರ ಪಾಲಿಯೆಸ್ಟರ್ ಅಂಗಿಗಳು ಹತ್ತಿಯವಕ್ಕಿಂತ ಹೆಚ್ಚು ನಾರಿದವು. ಎಣ್ಣೆಯಂಶ ಅಲ್ಲಿ ಅಂಟಿಕೊಳ್ಳುತ್ತದೆ, ನೀರಿಗೆ ಬಿಡುವುದಿಲ್ಲ. ಆದ್ದರಿಂದ ವಾರಕ್ಕೊಮ್ಮೆ ಬೆಲ್ಟು ಬಿಚ್ಚಿ ಉಗುರುಬೆಚ್ಚಗಿನ ನೀರು, ಸ್ವಲ್ಪ ಸೋಪು, ಹಳೇ ಹಲ್ಲುಜ್ಜುವ ಬ್ರಷ್ಷು. ಸೋಪು ಪೂರ್ತಿ ಹೋಗುವವರೆಗೆ ತೊಳೆಯಬೇಕು. ಎರಡು ಬೆಲ್ಟಿದ್ದರೆ ಒಂದು ಒಣಗುವಾಗ ಇನ್ನೊಂದು ಕೈಯಲ್ಲಿರುತ್ತದೆ. ಬೆಲ್ಟು ಬಿಚ್ಚಿದಾಗಲೇ ಪಿನ್ನಿನ ಮೊನೆಯನ್ನು ಉಗುರಿನಿಂದ ಒತ್ತಿ ನೋಡಿ. ಟಕ್ಕನೆ ವಾಪಸ್ ಬರದಿದ್ದರೆ ಬದಲಿಸಿ, ಬೆಲ್ಟಿಗಿಂತ ಅದು ಎಷ್ಟೋ ಅಗ್ಗ.

ಅಪ್ಪನ ಬೂದು ಪಟ್ಟಿ ಈಗ ಎರಡು ಮಳೆಗಾಲ ದಾಟಿದೆ. ಭಾನುವಾರ ಅದನ್ನು ಅವರೇ ತೊಳೆಯುತ್ತಾರೆ. ಮೊದಮೊದಲು ಬಚ್ಚಲ ಒಲೆಯ ಮೇಲಿನ ತಂತಿಗೆ, ಅಡಿಕೆ ಹಾಳೆಯ ಪಕ್ಕ ನೇತುಹಾಕುತ್ತಿದ್ದರು. ಒಲೆಯ ಕಾವು ನೈಲಾನಿಗೆ ಒಳ್ಳೆಯದಲ್ಲ ಎಂದೆ. ಈಗ ಜಗಲಿಯ ಗಳುವಿಗೆ ಹಾಕುತ್ತಾರೆ, ಸಂಜೆಯೊಳಗೆ ಒಣಗಿರುತ್ತದೆ.