ಹೊಸ ಪಿಕಪ್ ಒಂದು ಕಡೆ ವಾಲಿದ್ಯಾ? ಮೊದ್ಲು ತಿರುಗಿಸಿ ನಿಲ್ಸಿ ನೋಡಿ

ತೀರ್ಥಹಳ್ಳಿ ಹತ್ರ ಇರೋ ನಮ್ಮ ಚಿಕ್ಕಪ್ಪ ಅಡಿಕೆ ಸಾಗ್ಸಕ್ಕೆ ಅಂತ ಹೊಸ ಪಿಕಪ್ ತಗೊಂಡ್ರು. ಪೂಜೆ ಮಾಡ್ಸಿ, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ, ಮನೆಗೆ ತಂದು ಅಂಗಳದಲ್ಲಿ ನಿಲ್ಸಿದ್ ಮಾರನೇ ದಿನ ಬೆಳಿಗ್ಗೇನೇ ನಂಗೆ ಫೋನು. "ಎಂತದಾ ಇದು ಮಾರಾಯ, ಗಾಡಿ ಬಲಕ್ಕೆ ವಾಲ್ಕಂಡ್ ನಿಂತದೆ, ಹಿಂದಿಂದ ನೋಡಿದ್ರೆ ಎದ್ದು ಕಾಣ್ತದೆ, ಚಾಸಿನೇ ಸೊಟ್ಟ ಇದ್ಯೋ ಏನೋ!" ಅವ್ರ ದನಿ ಕೇಳಿ ನಂಗೂ ಬೇಜಾರಾಯ್ತು, ಲೋನ್ ಮಾಡಿ ತಗೊಂಡಿರೋ ಗಾಡಿ ಅದು. ಭಾನುವಾರ ಶಿವಮೊಗ್ಗದಿಂದ ಒಂದು ಟೇಪ್ ಹಿಡ್ಕೊಂಡು ಹೋದೆ.

ಮೊದಲ ಅನುಮಾನ ನಂಗೆ ಅಂಗಳದ ಮೇಲೇನೇ. ನಮ್ ಕಡೆ ಅಂಗಳ ಮಟ್ಟ ಇರಲ್ಲ, ಇರಲೂಬಾರ್ದು, ಅದೇ ತಾಲೂಕಿನ ಆಗುಂಬೇಲಿ ವರ್ಷಕ್ಕೆ 7000 ಮಿಮೀ ಮೇಲೆ ಮಳೆ ಬೀಳತ್ತೆ ಅಂದ್ಮೇಲೆ ನೀರು ನಿಲ್ಲದೆ ಹರ್ಕೊಂಡು ಹೋಗ್ಬೇಕಲ್ಲ. ಟಾರ್ ರೋಡೂ ಅಷ್ಟೇ, ನಡು ಎತ್ತರ ಮಾಡಿ ಎರಡೂ ಅಂಚಿಗೆ 100ಕ್ಕೆ 2-2.5ರಷ್ಟು ಇಳಿಜಾರು ಕೊಟ್ಟಿರ್ತಾರೆ. ಒಂದೂವರೆ ಮೀಟರ್ ಅಗಲ ಚಕ್ರದಿಂದ ಚಕ್ರಕ್ಕೆ ಅಂತ ಹಿಡಿದ್ರೆ 2.5ರ ಇಳಿಜಾರಲ್ಲಿ ಒಂದು ಚಕ್ರ ಇನ್ನೊಂದಕ್ಕಿಂತ 37 ಮಿಮೀ ಕೆಳಗೆ ನಿಂತಿರತ್ತೆ. ಕಣ್ಣಿಗೆ ಇದೆಲ್ಲ ಸೇರಿ "ಗಾಡಿ ವಾಲಿದೆ" ಅಂತಾನೇ ಕಾಣೋದು.

ಅದಕ್ಕೆ ನೆಲದಿಂದ ಅಳೆಯೋ ಬದ್ಲು ಚಕ್ರದ ನಡುಮಧ್ಯದಿಂದ ನೇರ ಮೇಲಕ್ಕೆ ಮಡ್‌ಗಾರ್ಡ್ ಅಂಚಿನ ತನಕ ಅಳೆದೆ. ಹೀಗೆ ಮಾಡಿದ್ರೆ ಟೈರಲ್ಲಿ ಗಾಳಿ ಹೆಚ್ಚುಕಡಿಮೆ ಇದ್ರೂ ಲೆಕ್ಕಕ್ಕೆ ಬರಲ್ಲ, ಸ್ಪ್ರಿಂಗ್ ಎಷ್ಟು ಕುಗ್ಗಿದೆ ಅನ್ನೋದು ಮಾತ್ರ ಸಿಗತ್ತೆ. ಬಲಗಡೆ 21 ಮಿಮೀ ಕಮ್ಮಿ ಬಂತು. ಚಿಕ್ಕಪ್ಪನ ಮುಖ ಸಣ್ಣಗಾಯ್ತು. ಆದ್ರೆ ಅಂಗಳದ ಪಾಲು ಇನ್ನೂ ಇದ್ರಲ್ಲಿ ಪೂರ್ತಿ ಹೋಗಿಲ್ಲ, ಯಾಕಂದ್ರೆ ಇಳಿಜಾರಲ್ಲಿ ನಿಂತಾಗ ಗಾಡಿಯ ಭಾರದ ಕೇಂದ್ರ ಸ್ವಲ್ಪ ತಗ್ಗಿನ ಕಡೆ ಸರಿದು ಆ ಕಡೆ ಸ್ಪ್ರಿಂಗನ್ನ ಇನ್ನೂ ಒತ್ತತ್ತೆ. ಇದನ್ನ ಬೇರೆ ಮಾಡೋದು ಹ್ಯಾಗೆ? ಗಾರೆ ಕೆಲಸದವ್ರು ರಸಮಟ್ಟ ಸರಿ ಇದ್ಯಾ ಅಂತ ನೋಡೋದು ಹ್ಯಾಗೆ ಹೇಳಿ, ಒಂದ್ಸಲ ಇಟ್ಟು ಗುಳ್ಳೆ ನೋಡಿ, ಅದೇ ಜಾಗದಲ್ಲಿ ಹಿಂದುಮುಂದಾಗಿ ತಿರುಗಿಸಿಟ್ಟು ಮತ್ತೆ ನೋಡ್ತಾರೆ, ಗೋಡೆ ತಪ್ಪು ಯಾವ್ದು ಮಟ್ಟದ ತಪ್ಪು ಯಾವ್ದು ಅಂತ ತಕ್ಷಣ ಗೊತ್ತಾಗತ್ತೆ. ಗಾಡಿಗೂ ಅದನ್ನೇ ಮಾಡಿದ್ವಿ, ಅದೇ ಜಾಗದಲ್ಲಿ ಮೂತಿ ಆಚೆ ಕಡೆಗೆ ಮಾಡಿ ನಿಲ್ಸಿದ್ವಿ. ಗಾಡಿ ತಿರುಗಿದ್ರೆ ಅಂಗಳದ ಪಾಲು ಉಲ್ಟಾ ಆಗತ್ತೆ, ಗಾಡಿದು ಹಾಗೇ ಇರತ್ತೆ. ಈಗ ಬಲಗಡೆ ಕಮ್ಮಿ ಇದ್ದಿದ್ದು ಬರೀ 9. ಎರಡೂ ಕೂಡಿಸಿ ಅರ್ಧ ಮಾಡಿದ್ರೆ 15, ಅದು ಗಾಡಿದು. ಮಿಕ್ಕಿದ್ 6 ಅಂಗಳದ್ದು. ಇಷ್ಟು ಸುಲಭದ ಉಪಾಯ ಬಳಸದೇ ಎಷ್ಟು ಜನ ಶೋರೂಮಲ್ಲಿ ಜಗಳ ಆಡಿರ್ಬಹುದು ಅನ್ಸತ್ತೆ.

ಈಗ ಈ 15 ಎಲ್ಲಿಂದ ಬಂತು ನೋಡಣ. ರಾಬರ್ಟ್ ಹುಕ್ ಅನ್ನೋ ಇಂಗ್ಲೆಂಡಿನ ವಿಜ್ಞಾನಿ 1676ರಲ್ಲಿ ಒಂದು ಸತ್ಯವನ್ನ 14 ಲ್ಯಾಟಿನ್ ಅಕ್ಷರಗಳ ಕಲಸುಮೇಲೋಗರ ಮಾಡಿ ಅಚ್ಚು ಹಾಕ್ಸಿದ್ರು, ಬೇರೆಯವ್ರು ಕದೀಬಾರ್ದು ಅಂತ. 1678ರಲ್ಲಿ ಅದನ್ನ ಬಿಡಿಸಿ ಹೇಳಿದ್ರು: ಎಷ್ಟು ಹಿಗ್ಗತ್ತೋ ಅಷ್ಟು ಬಲ. ಭಾರ ಎರಡರಷ್ಟಾದ್ರೆ ಸ್ಪ್ರಿಂಗ್ ಬಾಗೋದೂ ಎರಡರಷ್ಟು. ಗಾಡಿಯ ನಡುಗೆರೆಯಿಂದ ಅರ್ಧ ಮೀಟರಿಗೆ ಸ್ವಲ್ಪ ಕಮ್ಮಿ ದೂರದಲ್ಲಿ 70 ಕೆಜಿ ಡ್ರೈವರ್ ಕೂತ ಅಂದ್ರೆ, ಸಾಮಾನ್ಯ ಪಿಕಪ್ಪಿನ ಸ್ಪ್ರಿಂಗ್ ಗಡಸುತನ ಹಿಡಿದು ನಾನು ಅಂದಾಜು ಹಾಕಿದ ಹಾಗೆ ಎರಡು ಬದಿಗಳ ನಡುವೆ ಸುಮಾರು 8 ಮಿಮೀ ವ್ಯತ್ಯಾಸ ಬರತ್ತೆ. 60 ಲೀಟರ್ ಡೀಸೆಲ್ ಅಂದ್ರೆ 50 ಕೆಜಿ, ಚಿಕ್ಕಪ್ಪನ ಗಾಡೀಲಿ ಟ್ಯಾಂಕು ಬಲಗಡೆ ಚಾಸಿಗೆ ಆತ್ಕೊಂಡಿದೆ, ಅವತ್ತು ಫುಲ್ ಇತ್ತು, ಅದ್ರಿಂದ 5-6 ಮಿಮೀ. ಹಳೇ ಲ್ಯಾಂಡ್ ರೋವರಲ್ಲಂತೂ ಡ್ರೈವರ್ ಕಡೆ ಸ್ಪ್ರಿಂಗೇ ಬೇರೆ ಹಾಕ್ತಿದ್ರು, ಇದನ್ನೆಲ್ಲ ಮೊದ್ಲೇ ಲೆಕ್ಕ ಹಾಕಿ.

ಸ್ಪ್ರಿಂಗ್ ತಯಾರಿಯ ವ್ಯತ್ಯಾಸಾನೂ ಇದೆ. ಮುಂದಿನ ಸುರುಳಿ ಸ್ಪ್ರಿಂಗಿನ ಗಡಸುತನ ಅದರ ಸರಳಿನ ದಪ್ಪದ ನಾಲ್ಕನೇ ಘಾತದ ಮೇಲೆ ಹೋಗತ್ತೆ, ಹಾಗಾಗಿ 14 ಮಿಮೀ ಸರಳು ಒಂದು ಕಡೆ 0.1 ಮಿಮೀ ದಪ್ಪ ಬಂದ್ರೂ ಗಡಸುತನ ಹತ್ರ ಹತ್ರ 3 ಪರ್ಸೆಂಟ್ ಏರತ್ತೆ, 125 ಮಿಮೀ ಕುಗ್ಗಿ ಕೂರೋ ಸ್ಪ್ರಿಂಗಲ್ಲಿ ಅದು ಮೂರೂವರೆ ಮಿಮೀ!

ಆದ್ರೆ ನಂಗೆ ಎಲ್ಲಕ್ಕಿಂತ ಇಷ್ಟವಾದ ವಿಷ್ಯ ಹಿಂದಿನ ಪ್ಲೇಟುಗಳದ್ದು. ಪಿಕಪ್ಪಿನ ಹಿಂದೆ ಕಬ್ಬಿಣದ ಪ್ಲೇಟು ಒಂದರ ಮೇಲೊಂದು ಜೋಡ್ಸಿರ್ತಾರಲ್ಲ, ಭಾರ ಬಿದ್ದಾಗ ಅವು ಬಾಗ್ತಾ ಒಂದಕ್ಕೊಂದು ಉಜ್ಕೊಂಡು ಜಾರ್ತವೆ, ಆ ಉಜ್ಜಾಟ ಗಾಡಿಯನ್ನ ಹೋದಲ್ಲೇ ಹಿಡಿದು ನಿಲ್ಸತ್ತೆ. ಬಲ ಹಿಂದಿನ ಮೂಲೆ ಮೇಲೆ ಇಬ್ರು ಹತ್ತಿ ಕೂತು ನಿಧಾನ ಇಳಿದ್ವಿ, ಅಳೆದ್ವಿ. ಆಮೇಲೆ ಅದೇ ಮೂಲೆಯನ್ನ ಎತ್ತಿ ನಿಧಾನ ಬಿಟ್ಟು ಅಳೆದ್ವಿ. ಭಾರ ಅದೇ, ಸ್ಪ್ರಿಂಗ್ ಅದೇ, ಎತ್ತರದಲ್ಲಿ ಮಾತ್ರ 8 ಮಿಮೀ ವ್ಯತ್ಯಾಸ. ಅಂದ್ರೆ ಪ್ಲೇಟಿನ ಗಾಡಿಗೆ "ಇದೇ ನನ್ನ ಎತ್ತರ" ಅಂತ ಒಂದೇ ಒಂದು ಅಳತೆ ಇಲ್ಲ, ಮೇಲಿಂದ ಬಂದ್ಯಾ ಕೆಳಗಿಂದ ಬಂದ್ಯಾ ಅನ್ನೋದ್ರ ಮೇಲೆ ಅದು ಎಲ್ಲಿ ನಿಲ್ಲತ್ತೆ ಅನ್ನೋದು. ಕೊನೇ ತಿರುವು ಹ್ಯಾಗೆ ತಗೊಂಡ್ರಿ, ಯಾವ ಚಕ್ರ ಗುಂಡಿಗೆ ಇಳೀತು, ಅದರ ನೆನಪು ಪ್ಲೇಟಲ್ಲಿ ಉಳ್ಕೊಂಡಿರತ್ತೆ. ಹತ್ತು ಕಿಲೋಮೀಟರ್ ಮಣ್ಣು ರಸ್ತೇಲಿ ಓಡ್ಸಿ ನೇರವಾಗಿ ತಂದು ನಿಲ್ಸಿ, ಮತ್ತೆ ಎರಡೂ ದಿಕ್ಕಲ್ಲಿ ಅಳೆದಾಗ 15 ಇದ್ದಿದ್ದು 13 ಆಯ್ತು.

ಉಳಿದಿದ್ದಕ್ಕೆ ವರ್ಕ್‌ಶಾಪಿಗೆ ಹೋದ್ವಿ. ಅಲ್ಲಿನ ಹಿರಿ ಮೇಸ್ತ್ರಿ ಮಾಡಿದ ಪರೀಕ್ಷೆ ನೋಡಿ ನಂಗೆ ಖುಷಿಯಾಯ್ತು. ಮುಂದಿನ ಕ್ರಾಸ್ ಮೆಂಬರ್ (ಚಾಸಿಯ ಅಡ್ಡಪಟ್ಟಿ) ಸರಿಯಾಗಿ ಮಧ್ಯಕ್ಕೆ ಜಾಕ್ ಕೊಟ್ಟು ಎತ್ತಿದ್ರು, ಈಗ ಗಾಡಿ ಮೂರು ಕಾಲಿನ ಸ್ಟೂಲ್ ಇದ್ದಂಗೆ, ಎಡ ಬಲ ಹಿಡಿಯೋದು ಹಿಂದಿನ ಎರಡು ಸ್ಪ್ರಿಂಗ್ ಮಾತ್ರ. ನೆಟ್ಟಗಾದ್ರೆ ತಪ್ಪು ಮುಂದೆ, ಹಾಗೇ ವಾಲಿದ್ರೆ ಹಿಂದೆ. ಹಾಗೇ ವಾಲಿತ್ತು. ಹಿಂದಿನ ಎಡ ಪ್ಲೇಟಿನ ಕಣ್ಣಲ್ಲಿರೋ (ತುದೀಲಿ ಸುತ್ತಿರೋ ತೂತು) ರಬ್ಬರ್ ಬುಷ್ಷಿನ ಬೋಲ್ಟನ್ನ ಚಕ್ರ ನೇತಾಡ್ತಿದ್ದಾಗ್ಲೇ ಟೈಟ್ ಮಾಡಿದ್ರು ಅನ್ಸತ್ತೆ, ಹಾಗೆ ಮಾಡಿದ್ರೆ ಗಾಡಿ ನೆಲಕ್ಕೆ ಇಳಿದ ಮೇಲೆ ರಬ್ಬರು ಹಿಂಡಿದ ಬಟ್ಟೆ ಥರ ತಿರುಚಿಕೊಂಡೇ ಇದ್ದು ಆ ಕಡೆಯನ್ನ ಸ್ವಲ್ಪ ಎತ್ತಿ ಹಿಡಿಯತ್ತೆ, ಒಂದೊಂದು ಕಡೆ ಒಂದೊಂದು ಥರ ಟೈಟ್ ಆಗಿದ್ರೆ ಎತ್ತರಾನೂ ಬೇರೆ ಬೇರೆ ಆಗತ್ತೆ. ಎರಡೂ ಕಡೆ ಸಡಿಲ ಮಾಡಿ, ನೆಲದ ಮೇಲೆ ಗಾಡಿ ಕುಲುಕಿಸಿ, ಭಾರ ಕೂತ ಮೇಲೆ ಮತ್ತೆ ಬಿಗಿದ್ರು. ಬೋಲ್ಟ್ ಬಿಗಿಯೋ ಈ ಕೆಲಸ ಮನೇಲಿ ಮಾಡ್ಕೋಬೇಡಿ. ಹಾಗೇ ಸರಿ ಇದ್ದ ಗಾಡಿ ಇದ್ದಕ್ಕಿದ್ದಂಗೆ ವಾಲಿದ್ರೆ, ದಿನದಿಂದ ದಿನಕ್ಕೆ ಜಾಸ್ತಿ ಆಗ್ತಿದ್ರೆ ಇಂಥ ಲೆಕ್ಕಾಚಾರ ಬಿಟ್ಟು ಲೋಡ್ ಹಾಕದೇ ಸೀದಾ ತೋರಿಸಿ, ಪ್ಲೇಟೋ, ಪ್ಲೇಟುಗಳನ್ನ ನಡುವಲ್ಲಿ ಸೇರಿಸಿ ಹಿಡಿಯೋ ಸೆಂಟರ್ ಬೋಲ್ಟೋ ಕಟ್ಟಾಗಿರ್ಬಹುದು.

ಮನೆಗೆ ತಂದು ಎರಡೂ ದಿಕ್ಕಲ್ಲಿ ಅಳೆದ್ರೆ 7 ಮಿಮೀ. ಚಿಕ್ಕಪ್ಪಂಗೆ ಈಗ ಟೇಪಿನ ಮೇಲೆ ಪ್ರೀತಿ ಬಂದಿದೆ. ಮೊನ್ನೆ ಡೀಸೆಲ್ ರಿಸರ್ವಿಗೆ ಬಂದಾಗ ಅವ್ರೇ ಅಳೆದು ಫೋನ್ ಮಾಡಿದ್ರು: "2 ಬಂತು ನೋಡಾ. ನಾನು ಹತ್ತಿ ಕೂತು ನಿನ್ ಚಿಕ್ಕಮ್ಮನ ಕೈಲಿ ಅಳಸ್ದೆ, 10. ಎಡಗಡೆ ಬಾಡಿ ಅಂಚಿಗೆ ಒಂದು ಮೂಟೆ ಅಡಿಕೆ ಇಟ್ಟೆ, ಮತ್ತೆ 2ಕ್ಕೇ ಬಂತು."