ಕಂಪ್ಯೂಟರ್ ಬಿಡಿಸಿದ ನಕ್ಷೆಯಲ್ಲಿ ದೇವರ ಮನೆ ಎಲ್ಲಿ?

ಗೆಳೆಯರೊಬ್ಬರ ಮಗಳು ಬೆಂಗಳೂರಿನಲ್ಲೇ ಕಂಪ್ಯೂಟರ್ ಸೈನ್ಸ್ ಓದುತ್ತಾಳೆ. ಕೊನೆಯ ವರ್ಷ. ಮನೆಯ ನಕ್ಷೆ ಬಿಡಿಸುವ ಎಐ ಅವಳ ಪ್ರಾಜೆಕ್ಟ್. ಒಂದು ಸಂಜೆ 30×40 ಸೈಟಿನ ಅಳತೆ ಕೊಟ್ಟು ಬಟನ್ ಒತ್ತಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ನಕ್ಷೆ ಬಂತು. ಮಲ್ಲೇಶ್ವರದ ಹಳೇ ಮನೆಯಲ್ಲಿ ಬೆಳೆದ ಅಜ್ಜಿ ಕನ್ನಡಕ ಏರಿಸಿ ನೋಡಿದರು. ಕೇಳಿದ್ದು ಒಂದೇ ಮಾತು: "ದೇವರ ಮನೆ ಎಲ್ಲಮ್ಮಾ?"

ಇರಲಿಲ್ಲ. ಅದರಲ್ಲಿ ಯಂತ್ರದ ತಪ್ಪೇನೂ ಇಲ್ಲ. ಇಂಥ ಎಐ ಕಲಿಯುವುದು ಸಾವಿರಾರು ಹಳೇ ನಕ್ಷೆ ನೋಡಿ. 2020ರಲ್ಲಿ ಬಂದ ಹೌಸ್-ಗ್ಯಾನ್ ಎಂಬ ಎಐ ಕಲಿತದ್ದು ಜಪಾನಿನ ಮನೆಗಳಿಂದ. ಎಐಗೆ ಕಲಿಸಲೆಂದೇ ಮಾಡಿದ 2019ರ ಕ್ಯೂಬಿಕಾಸಾ ಸಂಗ್ರಹದಲ್ಲಿ ಇರುವ 5,000 ನಕ್ಷೆಗಳು ಹೆಚ್ಚಾಗಿ ಫಿನ್ಲೆಂಡಿನವು. ಅದೇ ವರ್ಷದ ಆರ್‌ಪ್ಲಾನ್ ಎಂಬ ಇನ್ನೊಂದು ಸಂಗ್ರಹದಲ್ಲಿ ಏಷ್ಯಾದ 80,000ಕ್ಕೂ ಜಾಸ್ತಿ ನಕ್ಷೆಗಳಿವೆ. ಆದರೆ ಅದರ ಕೋಣೆಗಳ ಪಟ್ಟಿಯಲ್ಲಿ ದೇವರ ಮನೆ ಅನ್ನುವ ಹೆಸರೇ ಇಲ್ಲ. ನೋಡದೇ ಇರೋದನ್ನು ಅದು ಹೇಗೆ ಬಿಡಿಸೀತು?

ಕಂಪ್ಯೂಟರ್ ಗೆರೆ ಎಳೆಯೋಕೆ ಕಲಿತು ಅರವತ್ತು ವರ್ಷ ದಾಟಿದೆ. 1963ರಲ್ಲಿ ಎಂಐಟಿಯ ವಿದ್ಯಾರ್ಥಿ ಐವನ್ ಸದರ್ಲೆಂಡ್ ಪರದೆಯ ಮೇಲೆ ಬೆಳಕಿನ ಪೆನ್ನಿನಿಂದ ಚಿತ್ರ ಬಿಡಿಸಿ ತೋರಿಸಿದರು. ಅದೂ ಒಬ್ಬ ವಿದ್ಯಾರ್ಥಿಯ ಸಂಶೋಧನೆಯೇ. 1982ರಲ್ಲಿ ನಕ್ಷೆ ಬಿಡಿಸುವ ಸಾಫ್ಟ್‌ವೇರ್ ಆಟೋಕ್ಯಾಡ್ ಬಂತು, ನಿಧಾನವಾಗಿ ಡ್ರಾಯಿಂಗ್ ಬೋರ್ಡ್ ಮೂಲೆ ಸೇರಿತು. ಆದರೆ ಗೆರೆ ಎಳೆದದ್ದು ಕಂಪ್ಯೂಟರ್ ಆದರೂ, ಎಲ್ಲಿ ಎಳೀಬೇಕು ಅಂತ ಹೇಳ್ತಿದ್ದದ್ದು ಮನುಷ್ಯರೇ.

ಮನುಷ್ಯರಿಗೆ ಏನು ಬೇಕು ಅನ್ನುವುದನ್ನೇ ಕಂಪ್ಯೂಟರಿಗೆ ಕೊಡಲು ಹೊರಟವರು ಕ್ರಿಸ್ಟೋಫರ್ ಅಲೆಗ್ಸಾಂಡರ್. ಗಣಿತವನ್ನೂ ಓದಿದ ವಾಸ್ತುಶಿಲ್ಪಿ. ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಇಷ್ಟವಾಗುವ ಭಾಗ ಇದು. 1964ರ ತಮ್ಮ ಪುಸ್ತಕಕ್ಕೆ ಅವರು ಉದಾಹರಣೆಯಾಗಿ ತಗೊಂಡದ್ದು ನಮ್ಮ ದೇಶದ ಒಂದು ಹಳ್ಳಿ. ಆ ಊರಿಗೆ ಬೇಕಾದ 141 ಸಂಗತಿಗಳನ್ನು ಪಟ್ಟಿ ಮಾಡಿ, ಯಾವುದಕ್ಕೆ ಯಾವುದು ತಗಲಿಕೊಂಡಿದೆ ಅಂತ ಲೆಕ್ಕ ಹಾಕಿ ಗುಂಪು ಮಾಡಿದರು. ಕೆಲವೇ ವರ್ಷಗಳಲ್ಲಿ ಆ ಲೆಕ್ಕದ ದಾರಿಯ ಮೇಲೆ ಅವರಿಗೇ ಬೇಸರ ಬಂತು. 1977ರಲ್ಲಿ ಜೊತೆಗಾರರೊಂದಿಗೆ ತಂದ ಪುಸ್ತಕದಲ್ಲಿ 253 'ಪ್ಯಾಟರ್ನ್'ಗಳಿದ್ದವು, ಅಂದರೆ ಮತ್ತೆ ಮತ್ತೆ ಎದುರಾಗುವ ಸಮಸ್ಯೆಗೆ ಒಗ್ಗುವ ಪರಿಹಾರಗಳು. ಕೋಣೆಗೆ ಎರಡು ಕಡೆಯಿಂದ ಬೆಳಕು ಬರಲಿ. ಆರು ಅಡಿಗಿಂತ ಕಿರಿದಾದ ಬಾಲ್ಕನಿಯಲ್ಲಿ ಯಾರೂ ಕೂರುವುದಿಲ್ಲ. ನಮ್ಮ ಅಪಾರ್ಟ್‌ಮೆಂಟ್ ಬಾಲ್ಕನಿಗಳಲ್ಲಿ ವಾಷಿಂಗ್ ಮಷಿನ್ ಮಾತ್ರ ನಿಂತಿರೋದು ಯಾಕೆ ಅಂತ ಈಗ ಗೊತ್ತಾಯ್ತು ಅಲ್ವಾ?

ಮನೆ ಕಟ್ಟುವವರಿಗಿಂತ ಜಾಸ್ತಿ ಈ ಪುಸ್ತಕ ಹಿಡಿಸಿದ್ದು ಸಾಫ್ಟ್‌ವೇರ್ ಮಂದಿಗೆ. 1987ರಲ್ಲಿ ಕೆಂಟ್ ಬೆಕ್, ವಾರ್ಡ್ ಕನ್ನಿಂಗ್‌ಹ್ಯಾಮ್ ಎಂಬ ಇಬ್ಬರು ಪ್ರೋಗ್ರಾಮರ್‌ಗಳು ಇದನ್ನು ಪ್ರೋಗ್ರಾಮಿಂಗ್‌ಗೆ ತಂದರು. 1994ರಲ್ಲಿ 'ಡಿಸೈನ್ ಪ್ಯಾಟರ್ನ್ಸ್' ಪುಸ್ತಕ ಬಂತು. ಇಂಥ ಪ್ಯಾಟರ್ನ್‌ಗಳನ್ನು ಕೂಡಿಡಲು ಕನ್ನಿಂಗ್‌ಹ್ಯಾಮ್ 1995ರಲ್ಲಿ ಮೊದಲ ವಿಕಿ, ಅಂದರೆ ಓದುಗರೇ ಬರೆದು ತಿದ್ದಬಹುದಾದ ವೆಬ್‌ಸೈಟ್, ಮಾಡಿದರು. ನಮ್ಮ ಹುಡುಗಿ ಪರೀಕ್ಷೆಗೆ ಉರು ಹೊಡೆದದ್ದು ಇದೇ ಡಿಸೈನ್ ಪ್ಯಾಟರ್ನ್. ಅದರ ಬೇರು ಒಬ್ಬ ವಾಸ್ತುಶಿಲ್ಪಿಯಲ್ಲಿದೆ ಅಂತ ಯಾರೂ ಹೇಳಿರಲಿಲ್ಲ.

2014ರಲ್ಲಿ, ನೋಡಿದ ಚಿತ್ರಗಳಂಥದ್ದೇ ಹೊಸ ಚಿತ್ರ ಬಿಡಿಸುವ ಗ್ಯಾನ್ ಎಂಬ ಎಐ ತಂತ್ರ ಬಂದ ಮೇಲೆ ಆಟ ಬದಲಾಯಿತು. ಏನು ಬೇಕು ಅಂತ ಯಾರೂ ಪಟ್ಟಿ ಬರೆಯಬೇಕಾಗಿಲ್ಲ, ಯಂತ್ರವೇ ಚಿತ್ರ ನೋಡಿ ಕಲಿಯುತ್ತದೆ. ಚಿತ್ರದಲ್ಲಿ ಗೋಡೆ ಇದೆ, ಬಾಗಿಲು ಇದೆ. ಅಲ್ಲಿ ಯಾರು ಹೇಗೆ ಬದುಕಿದರು ಅನ್ನುವುದಿಲ್ಲ. ನನ್ನ ಪ್ರಕಾರ ಅಲೆಗ್ಸಾಂಡರ್ ಬಿಟ್ಟುಹೋದ ಆ ಪಟ್ಟಿಯೇ ಈಗ ಮತ್ತೆ ಬೇಕಾಗಿದೆ.

ಅವಳು ಈಗ ಅದನ್ನೇ ಮಾಡುತ್ತಿದ್ದಾಳೆ. ಲ್ಯಾಪ್‌ಟಾಪ್ ಮುಚ್ಚಿಟ್ಟು, ನೋಟ್‌ಬುಕ್ ಹಿಡಿದು ಬೀದಿಯ ಮನೆಗಳಿಗೆ ಹೋಗುತ್ತಾಳೆ. ಚಪ್ಪಲಿ ಎಲ್ಲಿ ಬಿಡ್ತೀರಿ? ಬಟ್ಟೆ ಎಲ್ಲಿ ಒಣಗಿಸ್ತೀರಿ? ಮೇಲಿನ ಬಾಡಿಗೆಯವರಿಗೆ ಮೆಟ್ಟಿಲು ಹೊರಗಿಂದಾನಾ? ಮಂಡಿ ನೋವಿರುವ ಅಜ್ಜಿಗೆ ಕೆಳಗೇ ಬಚ್ಚಲು ಇದೆಯಾ? ಉತ್ತರಗಳನ್ನು ನಿಯಮಗಳಾಗಿ ಬರೆದು ಎಐಗೆ ಕೊಡುತ್ತಾಳೆ.

ಮೊದಲ ಸಲ ದೇವರ ಮನೆ ಬಂತು, ಟಾಯ್ಲೆಟ್ ಗೋಡೆಗೆ ಅಂಟಿಕೊಂಡು. ಅಜ್ಜಿ ನಕ್ಕರು. ಮುಂದಿನ ಸಲ ಈಶಾನ್ಯಕ್ಕೆ ಸರಿಯಿತು. ನೀರಿನ ಸಂಪಿಗೂ ಅದೇ ಮೂಲೆ ಬೇಕಂತೆ. ಸದ್ಯಕ್ಕೆ ಕೆಲಸ ಅಲ್ಲಿಗೆ ನಿಂತಿದೆ.